ಓದುಗರ ಪ್ರಶ್ನೆ: ದೇವಯ್ಯ ಅವರಿಗೆ ಮಹಾವೀರ ಚಕ್ರ ಸಿಗಲು 23 ವರ್ಷ ಯಾಕೆ ಬೇಕಾಯ್ತು?

ಪ್ರಶ್ನೆ: ನಮ್ಮ ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬಿ. ದೇವಯ್ಯ 1965ರ ಯುದ್ಧದಲ್ಲಿ ಪ್ರಾಣ ಕೊಟ್ಟರು. ಮಹಾವೀರ ಚಕ್ರ ಬಂದಿದ್ದು ಮಾತ್ರ 1988ರಲ್ಲಿ. ಸರ್ಕಾರ ಮರೆತೇಬಿಟ್ಟಿತ್ತಾ ಸಾರ್?
— ಓದುಗರೊಬ್ಬರು, ಕುಶಾಲನಗರ

ಉತ್ತರ: ಮರೆತಿದ್ದಲ್ಲ. ಅವರು ಏನು ಮಾಡಿದರು ಅನ್ನೋದೇ ನಮ್ಮ ಕಡೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವರೆಲ್ಲ ಗಡಿಯ ಆಚೆ ಇದ್ದರು.

ದೇವಯ್ಯ ಇದ್ದದ್ದು ವಾಯುಪಡೆಯ 1ನೇ ಸ್ಕ್ವಾಡ್ರನ್‌ನಲ್ಲಿ, ಅದನ್ನು 'ಟೈಗರ್ಸ್' ಅಂತಾರೆ. 1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ನೆಲೆಗೆ ನುಗ್ಗಿ, ನೆಲದ ಮೇಲೆ ನಿಂತಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಮಾರನೇ ದಿನ ಬೆಳಗಾಗುವ ಮುಂಚೆ, ಕತ್ತಲಲ್ಲೇ, ವಿಂಗ್ ಕಮಾಂಡರ್ ಓ. ಪಿ. ತನೇಜಾ ಅವರ ಮುಂದಾಳತ್ವದಲ್ಲಿ ಟೈಗರ್ಸ್ ಆದಂಪುರದಿಂದ ಸರ್ಗೋಧಾ ಕಡೆ ಹೊರಟರು. ಸರ್ಗೋಧಾ ಅಂದ್ರೆ ಪಾಕಿಸ್ತಾನದ ಅತಿ ದೊಡ್ಡ ವಾಯುನೆಲೆ. ಟೈಗರ್ಸ್ ಹಾರಿಸುತ್ತಿದ್ದ ಫ್ರೆಂಚ್ ಮಿಸ್ಟೀರ್ ವಿಮಾನಕ್ಕೆ ಅದು ತುಂಬಾ ದೂರ. ಹೋಗಿ ಬರೋದಕ್ಕೇ ಇಂಧನ ಸರಿಹೋಗುತ್ತಿತ್ತು, ದಾರಿಯಲ್ಲಿ ಕಾದಾಡಿದರೆ ವಾಪಸ್ ಬರೋದು ಕಷ್ಟ. ಹನ್ನೆರಡು ವಿಮಾನಗಳ ದಾಳಿ ಅದು. ದೇವಯ್ಯ ಆ ಹನ್ನೆರಡರಲ್ಲಿ ಇರಲೇ ಇಲ್ಲ! ಅವರದು ಮೀಸಲು ಸ್ಥಾನ. ಯಾರಾದರೂ ಹಿಂದೆ ಉಳಿದರೆ ಮಾತ್ರ ಸೇರಿಕೊಳ್ಳಬೇಕಿತ್ತು. ಆದರೂ ಸೇರಿಕೊಂಡು ಹೋದರು.

ಅವರನ್ನು ಅಡ್ಡಗಟ್ಟಿದ್ದು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಹಾರಿಸುತ್ತಿದ್ದ ಅಮೆರಿಕದ ಸ್ಟಾರ್‌ಫೈಟರ್. ಶಬ್ದದ ಎರಡು ಪಟ್ಟು ವೇಗದ ವಿಮಾನ ಅದು, ನಮ್ಮ ಮಿಸ್ಟೀರ್ ನೇರ ಹಾರಾಟದಲ್ಲಿ ಶಬ್ದದ ವೇಗವನ್ನೂ ದಾಟುತ್ತಿರಲಿಲ್ಲ. ದೇವಯ್ಯ ಅವರ ವಿಮಾನಕ್ಕೆ ಏಟು ಬಿತ್ತು. ಅವರು ಓಡಲಿಲ್ಲ. ಸ್ಟಾರ್‌ಫೈಟರ್ ಓಟದಲ್ಲಿ ಗಟ್ಟಿ, ಆದರೆ ಬಿಗಿಯಾಗಿ ತಿರುಗೋದು ಅದಕ್ಕೆ ಆಗದ ಕೆಲಸ. ಏಟು ತಿಂದ ಆ ಮಿಸ್ಟೀರ್‌ನಲ್ಲೇ ದೇವಯ್ಯ ತಿರುಗಿಬಿದ್ದು ಗನ್ ಹಾರಿಸಿದರು, ಸ್ಟಾರ್‌ಫೈಟರ್ ಉರುಳಿತು, ಅಮ್ಜದ್ ಪ್ಯಾರಾಚೂಟ್‌ನಲ್ಲಿ ಜಿಗಿದು ಬದುಕಿಕೊಂಡರು. ದೇವಯ್ಯ ಮರಳಲಿಲ್ಲ. ನಮ್ಮ ದಾಖಲೆಯಲ್ಲಿ ಉಳಿದಿದ್ದು 'ನಾಪತ್ತೆ' ಅನ್ನೋ ಒಂದೇ ಮಾತು.

1979ರಲ್ಲಿ ಬ್ರಿಟಿಷ್ ಲೇಖಕರೊಬ್ಬರು ಪಾಕಿಸ್ತಾನದ ವಾಯುಪಡೆ ಬಗ್ಗೆ ಬರೆದ ಪುಸ್ತಕದಲ್ಲಿ ಈ ಕಾದಾಟ ಬಂತು. ಆ ಮಿಸ್ಟೀರ್‌ನಲ್ಲಿ ಇದ್ದವರು ದೇವಯ್ಯ ಅಂತ ನಮ್ಮವರಿಗೆ ಹೊಳೆದದ್ದು ಆಮೇಲೆ. ನನಗೆ ಬೇಜಾರಾಗೋದು ಪದಕ ತಡವಾಗಿದ್ದಕ್ಕಲ್ಲ. ಅಷ್ಟು ವರ್ಷ ಅವರ ಮನೆಯವರಿಗೆ ಏನಾಯ್ತು ಅಂತಲೇ ಹೇಳೋರಿರಲಿಲ್ಲವಲ್ಲ, ಅದಕ್ಕೆ.

ಪ್ರಶ್ನೆ: ಈ ಟೈಗರ್ಸ್ ಬೇರೆ ಯುದ್ಧಗಳಲ್ಲೂ ಇದ್ದರಾ? ಈಗಲೂ ಇದ್ದಾರಾ?
— ಓದುಗರೊಬ್ಬರು, ಮೈಸೂರು

ಉತ್ತರ: ನಮ್ಮ ವಾಯುಪಡೆಯ ಮೊದಲ ಸ್ಕ್ವಾಡ್ರನ್ನೇ ಅದು. 1933ರ ಏಪ್ರಿಲ್ 1ರಂದು ಕರಾಚಿಯಲ್ಲಿ ನಾಲ್ಕು ವಾಪಿಟಿ ವಿಮಾನಗಳಿಂದ ಶುರುವಾಯ್ತು. 1942ರಲ್ಲಿ ಬರ್ಮಾದಲ್ಲಿ ಸ್ಕ್ವಾಡ್ರನ್‌ನ ಆಗಿನ ಮುಖ್ಯಸ್ಥ ಕೆ. ಕೆ. ಮಜುಂದಾರ್ ನಿಧಾನಗತಿಯ ಲೈಸ್ಯಾಂಡರ್‌ಗಳಿಗೆ ಬಾಂಬ್ ಕಟ್ಟಿ ಜಪಾನೀಯರ ನೆಲೆಗಳ ಮೇಲೆ ದಾಳಿ ಮಾಡಿದರು. ಅದು ಬಾಂಬ್ ಹಾಕಲು ಮಾಡಿದ ವಿಮಾನವಲ್ಲ, ಅವರ ಧೈರ್ಯ ಎಂಥದ್ದು ನೋಡಿ. 1944ರಲ್ಲಿ ಜಪಾನೀಯರು ಇಂಫಾಲ್ ಮುತ್ತಿದಾಗ ಇದೇ ಸ್ಕ್ವಾಡ್ರನ್ ಅಲ್ಲಿ ಹರಿಕೇನ್‌ಗಳನ್ನು ಹಾರಿಸುತ್ತಿತ್ತು. ಆಗ ಅದರ ಮುಖ್ಯಸ್ಥರಾಗಿದ್ದ ಅರ್ಜನ್ ಸಿಂಗ್ ಅವರೇ 1965ರಲ್ಲಿ ಇಡೀ ವಾಯುಪಡೆಯ ಮುಖ್ಯಸ್ಥರು.

ವಿಭಜನೆಯ ಹೊತ್ತಿಗೆ ಸ್ಕ್ವಾಡ್ರನ್ ನಿಂತುಹೋಗಿತ್ತು, 1953ರಲ್ಲಿ ಅದೇ ಸಂಖ್ಯೆಯಲ್ಲಿ ಮತ್ತೆ ಬಂತು. ಈಗ ಗ್ವಾಲಿಯರ್‌ನಲ್ಲಿದೆ, ಮಿರಾಜ್ 2000 ಹಾರಿಸುತ್ತದೆ.