ಸ್ಪೇನ್‌ನ ಇಪುರುವಾ ಸ್ಟೇಡಿಯಂ ಅಷ್ಟು ಚಿಕ್ಕದಾದರೂ ಯಾಕೆ ಪ್ರಸಿದ್ಧ?

ಅದರ ಊರಿನಿಂದಾಗಿ. ಬಾಸ್ಕ್ ಪ್ರದೇಶದ ಕಿರಿದಾದ ಕಣಿವೆಯಲ್ಲಿರುವ ಎಯ್ಬಾರ್‌ನ ಜನಸಂಖ್ಯೆ ಸುಮಾರು 27 ಸಾವಿರ. ಅಲ್ಲಿನ ಎಸ್‌.ಡಿ. ಎಯ್ಬಾರ್ ಫುಟ್‌ಬಾಲ್ ಕ್ಲಬ್ 1947ರಿಂದ ಇಪುರುವಾದಲ್ಲೇ ಆಡುತ್ತಿದೆ. ಪಕ್ಕದ ಅಪಾರ್ಟ್‌ಮೆಂಟ್‌ಗಳ ಬಾಲ್ಕನಿಯಲ್ಲಿ ನಿಂತರೆ ಮೈದಾನ ಕಾಣುತ್ತದೆ!

ಎಯ್ಬಾರ್ ಬಂದೂಕು ತಯಾರಿಕೆಗೆ ಹೆಸರಾದ ಊರು. ಆಮೇಲೆ ಸೈಕಲ್, ಹೊಲಿಗೆ ಯಂತ್ರಗಳೂ ಬಂದವು. ಕ್ಲಬ್ಬನ್ನು ಈಗಲೂ 'ಆರ್ಮೆರೋಸ್', ಅಂದರೆ ಬಂದೂಕು ಮಾಡುವವರು ಅಂತಲೇ ಕರೆಯುತ್ತಾರೆ. ಊರಿನ ಕಸುಬೇ ತಂಡದ ಹೆಸರಾಗಿದೆ.

2014ರಲ್ಲಿ ತಂಡ ಮೊದಲ ಬಾರಿಗೆ ಸ್ಪೇನ್‌ನ ಮೊದಲ ದರ್ಜೆಯ ಲೀಗ್ ಲಾ ಲೀಗಾಕ್ಕೆ ಏರಿತು. ಆದರೆ ಕ್ಲಬ್‌ನ ಬಂಡವಾಳ ಕಡಿಮೆ ಇತ್ತು. ನಿಯಮದ ಪ್ರಕಾರ ಇನ್ನೂ ಸುಮಾರು 17 ಲಕ್ಷ ಯೂರೋ ಸೇರಿಸದಿದ್ದರೆ ಗೆದ್ದ ಜಾಗವೇ ಕೈತಪ್ಪುತ್ತಿತ್ತು. ಸಾಲವಿಲ್ಲದೆ ಅಚ್ಚುಕಟ್ಟಾಗಿ ನಡೆಯುತ್ತಿದ್ದ ಕ್ಲಬ್‌ಗೆ ಇದು ಅನ್ಯಾಯ ಅಂತಲೇ ನನಗನ್ನಿಸುತ್ತದೆ. ಕ್ಲಬ್ 50 ಯೂರೋಗೆ ಒಂದರಂತೆ ಷೇರು ಮಾರಿತು. ಊರಿನವರಷ್ಟೇ ಅಲ್ಲ, ಹತ್ತಾರು ದೇಶಗಳ ಜನ ಕೊಂಡರು. ಹಣ ಕೂಡಿತು.

ಮುಂದಿನ ಏಳು ಸೀಸನ್ ಬಾರ್ಸಿಲೋನಾ, ರಿಯಲ್ ಮ್ಯಾಡ್ರಿಡ್‌ನಂಥವರೂ ಈ ಪುಟ್ಟ ಮೈದಾನಕ್ಕೆ ಬಂದು ಆಡಬೇಕಾಯ್ತು. ಆ ವರ್ಷಗಳಲ್ಲೇ ಸ್ಟ್ಯಾಂಡ್‌ಗಳನ್ನು ದೊಡ್ಡದು ಮಾಡಿದರು. ಆದರೂ ಈಗ ಹಿಡಿಸುವುದು ಎಂಟು ಸಾವಿರ ಚಿಲ್ಲರೆ ಜನ ಮಾತ್ರ. ಅಂದರೂ ಊರಿನ ಕಾಲು ಭಾಗಕ್ಕಿಂತ ಜಾಸ್ತಿ ಆಯ್ತಲ್ವಾ? 2021ರಲ್ಲಿ ತಂಡ ಎರಡನೇ ದರ್ಜೆಗೆ ಇಳಿಯಿತು. ಮುಂದೆ ಸ್ಪೇನ್‌ನ ಸ್ಟಾರ್ ಆಟಗಾರರಾದ ಕ್ಸಾಬಿ ಅಲೊನ್ಸೊ, ಡೇವಿಡ್ ಸಿಲ್ವಾ ಹುಡುಗರಾಗಿದ್ದಾಗ ಲೋನ್ ಮೇಲೆ, ಅಂದರೆ ತಮ್ಮ ಕ್ಲಬ್‌ನಿಂದ ತಾತ್ಕಾಲಿಕವಾಗಿ, ಬಂದು ಪಳಗಿದ್ದೂ ಇಲ್ಲೇ.