ಇತ್ತೀಚೆಗೆ ನೋಡಿದ ಸಿನಿಮಾಗಳಲ್ಲಿ ನಿಮ್ಮ ಮನಸ್ಸಿನಲ್ಲಿ ಉಳಿದದ್ದು ಯಾವುದು? ಯಾಕೆ?

ಒಂದೇ ಹೆಸರು ಹೇಳಿ ಅಂದರೆ ‘ಶಿವಮ್ಮ ಯರೇಹಂಚಿನಾಳ’. ನೋಡಿ ಸಾಕಷ್ಟು ದಿನವಾಯಿತು, ಇನ್ನೂ ತಲೆಯಿಂದ ಇಳಿದಿಲ್ಲ. ಹೊಸದಾಗಿ ಬಂದದ್ದೇ ಆಗಬೇಕು ಅಂತ ನೀವು ಕೇಳಿಲ್ಲ, ಇತ್ತೀಚೆಗೆ ನೋಡಿದ್ದು ಅಂತಷ್ಟೇ ಕೇಳಿದ್ದೀರಿ. ಹಾಗಾಗಿ ಸ್ವಲ್ಪ ಹಳೆಯವೂ ಇದರಲ್ಲಿ ಬರುತ್ತವೆ. ನಾನು ಕಲಬುರಗಿಯವಳು, ಅದೂ ಈ ಉತ್ತರಕ್ಕೆ ಒಂದು ಕಾರಣ ಅಂದುಕೊಳ್ಳಿ.

ಈ ಸಿನಿಮಾ ತೆಗೆದಿದ್ದು ಕೊಪ್ಪಳ ಜಿಲ್ಲೆಯ ಯರೇಹಂಚಿನಾಳ ಅನ್ನೋ ಹಳ್ಳಿಯಲ್ಲೇ. ನಿರ್ದೇಶನ ಜೈಶಂಕರ್ ಆರ್ಯರ್, ನಿರ್ಮಾಣ ರಿಷಬ್ ಶೆಟ್ಟಿ. 2022ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿ ಹೊಸ ನಿರ್ದೇಶಕರಿಗಾಗಿ ಇದ್ದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು, ಟಾಕೀಸಿಗೆ ಬಂದದ್ದು 2024ರ ಜೂನ್‌ನಲ್ಲಿ. ಶಿವಮ್ಮ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುವವಳು. ಗಂಡ ಹಾಸಿಗೆ ಹಿಡಿದಿದ್ದಾನೆ, ಮಗಳ ಮದುವೆ ಆಗಬೇಕು. ಮದುವೆಗೆ ಅಂತ ಕೂಡಿಸಿಟ್ಟ ದುಡ್ಡನ್ನು ತಂದು ಒಂದು ನೆಟ್‌ವರ್ಕ್ ಮಾರ್ಕೆಟಿಂಗ್ ಕಂಪನಿಗೆ ಹಾಕುತ್ತಾಳೆ. ಆಮೇಲೆ ಮನೆಮನೆಗೆ ಹೋಗಿ ಆರೋಗ್ಯಕ್ಕೆ ಒಳ್ಳೇದು ಅಂತ ಅವರ ಮಾಲು ಮಾರುತ್ತಾಳೆ.

ಇಂಥ ಕಂಪನಿಗಳ ಕೆಲಸ ನಮ್ಮ ಕಡೆ ನೋಡದವರು ಕಡಿಮೆ. ಮೊದಲು ನೀವೇ ಮಾಲು ಕೊಳ್ಳಬೇಕು, ಆಮೇಲೆ ನಿಮ್ಮ ಕೆಳಗೆ ಇಬ್ಬರನ್ನು ಸೇರಿಸಬೇಕು, ಆ ಇಬ್ಬರು ಮತ್ತೆ ಇಬ್ಬಿಬ್ಬರನ್ನು ತರಬೇಕು. ಹೀಗೆ ಹೋದರೆ ಹತ್ತನೇ ಸಾಲಿಗೇ 1,024 ಜನ ಬೇಕು, ಒಂದು ಹಳ್ಳಿಯಲ್ಲಿ ಅಷ್ಟು ಜನ ಎಲ್ಲಿಂದ ಬರಬೇಕು ಹೇಳಿ? ಕೊನೆಗೆ ಕೊಳ್ಳುವವರು ಅಂತ ಉಳಿಯುವುದು ನೆಂಟರು, ಓಣಿಯವರು, ಜೊತೆಗೆ ಕೆಲಸ ಮಾಡುವವರು. ನಮ್ಮ ಕಾಕು (ಚಿಕ್ಕಮ್ಮ) ಒಬ್ಬರು ಇಂಥದ್ದೇ ಒಂದಕ್ಕೆ ಸೇರಿದ್ದರು. ದುಡ್ಡು ಹೋದದ್ದಕ್ಕಿಂತ, ಮದುವೆ ಮುಂಜಿಗೆ ಹೋದಾಗ ಮಂದಿ ಅವರನ್ನು ಕಂಡು ಪಕ್ಕಕ್ಕೆ ಸರಿಯುತ್ತಿದ್ದದ್ದು ಅವರಿಗೆ ಜಾಸ್ತಿ ನೋವು ಕೊಟ್ಟಿತ್ತು. ಸಿನಿಮಾ ನೋಡುವಾಗ ಪಕ್ಕದಲ್ಲಿ ಕೂತಿದ್ದ ನಮ್ಮವ್ವ, ‘ಈಕಿ ನಿಮ್ಮ ಕಾಕುನಂಗೇ ಮಾತಾಡ್ತಾಳಲ್ಲವ್ವಾ’ ಅಂದಳು. ಆಮೇಲೆ ಮುಗಿಯುವ ತನಕ ಏನೂ ಮಾತಾಡಲಿಲ್ಲ.

ನನಗೆ ಬಹಳ ಹಿಡಿಸಿದ್ದು ಏನೆಂದರೆ, ಶಿವಮ್ಮನನ್ನು ಮೋಸ ಹೋದ ಪಾಪದ ಹೆಂಗಸು ಅಂತ ಎಲ್ಲೂ ತೋರಿಸಿಲ್ಲ. ಅವಳಿಗೆ ಹಟ ಇದೆ, ಬುದ್ಧಿ ಇದೆ, ನಾಚಿಕೆ ಬಿಟ್ಟು ಕೇಳುವ ಧೈರ್ಯ ಇದೆ. ಆ ಹಟ ನೋಡಿ ಸಿಟ್ಟೂ ಬರುತ್ತದೆ, ಇವಳು ಗೆಲ್ಲಲಿ ಅಂತಲೂ ಅನಿಸುತ್ತದೆ. ಶರಣಮ್ಮ ಚೆಟ್ಟಿ ಆ ಪಾತ್ರ ಮಾಡಿದ್ದಾರೆ, ನಟನೆ ಅಂತ ಅನಿಸುವುದೇ ಇಲ್ಲ. ಬಿಸಿಯೂಟ 2002ರಲ್ಲಿ ರಾಜ್ಯದಲ್ಲೇ ಮೊದಲು ಶುರುವಾದದ್ದು ನಮ್ಮ ಈ ಭಾಗದ ಜಿಲ್ಲೆಗಳಲ್ಲಿ. ಅಂದಿನಿಂದ ಇಂದಿನವರೆಗೆ ದೊಡ್ಡ ಪಾತ್ರೆಗಳ ಮುಂದೆ ನಿಂತು ಬೇಯಿಸುವ ಎಷ್ಟು ಸಾವಿರ ಹೆಂಗಸರಿದ್ದಾರೆ, ಅವರಲ್ಲಿ ಒಬ್ಬಳು ಸಿನಿಮಾದ ನಾಯಕಿ ಆಗಲು ಇಷ್ಟು ವರ್ಷ ಬೇಕಾಯಿತು! ನಡುವೆ ಸ್ವಲ್ಪ ಹೊತ್ತು ಅದದೇ ತಿರುಗಾಟ ಆಯಿತು ಅನಿಸಿದ್ದು ನಿಜ, ಆದರೂ ಬಿಟ್ಟು ಏಳಬೇಕು ಅನಿಸಲಿಲ್ಲ.

ಎರಡನೆಯದು ಉತ್ಸವ್ ಗೋನವಾರ ಅವರ ‘ಫೋಟೋ’. ರಾಯಚೂರು ಕಡೆಯ ಒಬ್ಬ ಹುಡುಗ, ವಿಧಾನಸೌಧದ ಮುಂದೆ ನಿಂತು ಒಂದು ಫೋಟೋ ತೆಗೆಸಿಕೊಳ್ಳಬೇಕು ಅನ್ನೋದು ಅವನ ಆಸೆ. ಅಪ್ಪ ಬೆಂಗಳೂರಿನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿದ್ದಾನೆ. ಹುಡುಗ ಅಲ್ಲಿಗೆ ಹೋದ ಮೇಲೆ ಲಾಕ್‌ಡೌನ್ ಆಗುತ್ತದೆ, ಇಬ್ಬರೂ ಊರಿಗೆ ನಡೆದು ಹೊರಡುತ್ತಾರೆ. ಮುಂದಿನದು ಹೇಳುವುದಿಲ್ಲ, ನೀವೇ ನೋಡಬೇಕು.

ಕೊರೋನಾದಿಂದ ದೇಶದಲ್ಲಿ ಮೊದಲ ಸಾವು ಆದದ್ದು ನಮ್ಮ ಕಲಬುರಗಿಯಲ್ಲಿ, 2020ರ ಮಾರ್ಚ್‌ನಲ್ಲಿ. ಆಗಿನ ಭಯ ನಮಗೆ ಚೆನ್ನಾಗಿ ನೆನಪಿದೆ. ಆದರೆ ಊರಲ್ಲಿ ಬಾಗಿಲು ಹಾಕಿಕೊಂಡು ಕೂತ ನಮ್ಮ ಭಯ ಬೇರೆ, ಬೆಂಗಳೂರಿನ ಶೆಡ್ಡಿನಲ್ಲಿ ಸಿಕ್ಕಿಹಾಕಿಕೊಂಡವರ ಸಂಕಟ ಬೇರೆ. ಯಾದಗಿರಿ, ಅಫಜಲಪುರ, ಚಿತ್ತಾಪುರ ಕಡೆಯಿಂದ ಪ್ರತಿ ವರ್ಷ ಬೇಸಿಗೆಗೆ ಮುಂಚೆ ಮಂದಿ ಗುಳೆ ಹೋಗುತ್ತಾರೆ, ಬೆಂಗಳೂರು, ಪುಣೆ, ಮುಂಬೈ, ಹೈದರಾಬಾದ್ ಎಲ್ಲಿ ಕೆಲಸ ಸಿಕ್ಕರೆ ಅಲ್ಲಿಗೆ. ಉದ್ಯಾನ್ ಎಕ್ಸ್‌ಪ್ರೆಸ್ಸಿನ ಜನರಲ್ ಡಬ್ಬಿಯಲ್ಲಿ ಮೂಟೆ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಹೋಗುವವರನ್ನು ನಾನು ಎಷ್ಟೋ ಸಲ ನೋಡಿದ್ದೇನೆ, ಅವರ ಹೆಸರು ಕೇಳಿದವಳಲ್ಲ. ಈ ಸಿನಿಮಾ ಅವರಲ್ಲಿ ಒಬ್ಬ ಅಪ್ಪ ಮಗನ ಜೊತೆ ನಮ್ಮನ್ನು ನಡೆಸುತ್ತದೆ. ಅಪ್ಪನಾಗಿ ಮಹಾದೇವ ಹಡಪದ ಮಾಡಿದ್ದಾರೆ. ಮಗನಿಗೆ ಸುಸ್ತಾಗಿದ್ದು ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ನಡೆಯುವ ಅವರ ಮುಖ ಮರೆಯಲು ಆಗುವುದಿಲ್ಲ.

ಮೂರನೆಯದು ತೆಲುಗಿನದು, 2023ರ ‘ಬಲಗಂ’. ನಮಗೆ ಸೇಡಂ, ಚಿಂಚೋಳಿ ದಾಟಿದರೆ ತೆಲಂಗಾಣ, ಹಾಗಾಗಿ ಇಲ್ಲಿ ತೆಲುಗು ಸಿನಿಮಾ ಹೊರಗಿನದು ಅಂತ ಯಾರೂ ಅಂದುಕೊಳ್ಳುವುದಿಲ್ಲ. ಅಜ್ಜ ಸಾಯುತ್ತಾನೆ, ಇಟ್ಟ ಪಿಂಡವನ್ನು ಕಾಗೆ ಮುಟ್ಟುತ್ತಿಲ್ಲ, ಇಷ್ಟೇ ಕತೆ. ಮೊಮ್ಮಗ ಸಾಯಿಲು ಸಾಲ ಮಾಡಿಕೊಂಡಿದ್ದಾನೆ, ವರದಕ್ಷಿಣೆ ಬಂದರೆ ತೀರಿಸಬಹುದು ಅಂತ ಕಾಯುತ್ತಿದ್ದಾನೆ, ಅಷ್ಟರಲ್ಲಿ ಈ ಸಾವು. ಮನೆಮಗಳು ವರ್ಷಗಟ್ಟಲೆ ತವರಿಗೆ ಬಂದಿಲ್ಲ. ಕಾರಣ ಕೇಳಿದರೆ ಊಟಕ್ಕೆ ಕೂತಾಗ ಒಂದು ನಲ್ಲಿ ಮೂಳೆಗಾಗಿ ಆದ ಜಗಳ! ನಗು ಬರುತ್ತದೆ, ಆಮೇಲೆ ನಮ್ಮದೇ ಮನೆತನಗಳಲ್ಲಿ ಯಾವ ಯಾವ ಸಣ್ಣ ಮಾತಿಗೆ ಅಣ್ಣತಮ್ಮಂದಿರು ಮುಖ ನೋಡದೆ ಉಳಿದಿದ್ದಾರೆ ಅಂತ ನೆನಪಾಗಿ ಗಂಟಲು ಕಟ್ಟುತ್ತದೆ. ತೆಲಂಗಾಣದ ಹಳ್ಳಿಗಳಲ್ಲಿ ಬಯಲಲ್ಲೇ ಪರದೆ ಕಟ್ಟಿ ಊರಿಗೆ ಊರೇ ಕೂತು ಇದನ್ನು ನೋಡಿತ್ತು. ಸಿನಿಮಾ ನೋಡಿದ ಮೇಲೆ ಅದು ಯಾಕೆ ಅಂತ ಅರ್ಥವಾಯಿತು.

ದೊಡ್ಡ ಸಿನಿಮಾಗಳನ್ನೂ ನೋಡಿದೆ. ‘ಕಾಂತಾರ ಚಾಪ್ಟರ್ 1’ ಕಣ್ಣಿಗೆ ಹಬ್ಬ, ಆದರೆ ನನಗೆ 2022ರ ಕಾಂತಾರದಲ್ಲಿ ಶಿವ ಅವನ ಅಮ್ಮನ ಹತ್ತಿರ ಬೈಸಿಕೊಳ್ಳುವುದೇ ಹೆಚ್ಚು ಹತ್ತಿರ. ‘ಸು ಫ್ರಮ್ ಸೋ’ದಲ್ಲಿ ಕರಾವಳಿ ಮಾತು ಅರ್ಧ ತಿಳಿಯದಿದ್ದರೂ ಬಿದ್ದು ಬಿದ್ದು ನಕ್ಕೆವು. ಆ ನಗುವಿನ ಹಿಂದೆ ಒಂಟಿ ಹೆಣ್ಣುಮಗಳೊಬ್ಬಳ ಕತೆ ಇಟ್ಟದ್ದು ಒಳ್ಳೇದಾಯಿತು.

ಈ ಮೊದಲ ಮೂರು ಯಾಕೆ ಉಳಿದವು ಅಂದರೆ, ಮೂರರಲ್ಲೂ ಕೈಯಲ್ಲಿ ದುಡ್ಡಿಲ್ಲದವರು ದುಡ್ಡಿನ ಲೆಕ್ಕ ಹಾಕುತ್ತಾರೆ. ಎಷ್ಟು ಬೇಕು, ಎಲ್ಲಿಂದ ತರುವುದು, ಯಾರ ಹತ್ತಿರ ಕೇಳುವುದು. ನಮ್ಮ ಮನೆಗಳಲ್ಲಿ ದಿನಾ ಆಗುವ ಮಾತು ಅದೇ ಅಲ್ವಾ? ಎಷ್ಟೋ ಸಿನಿಮಾಗಳಲ್ಲಿ ನಮ್ಮ ಕಡೆಯ ಮಂದಿ ಬರುವುದು ನಗಿಸಲಿಕ್ಕೆ ಮಾತ್ರ. ನಮ್ಮ ಮಾತು ಕೇಳಿಸಿದ ಕೂಡಲೇ ಥಿಯೇಟರ್ ನಗಲು ರೆಡಿ ಇರುತ್ತದೆ. ಶಿವಮ್ಮ, ಫೋಟೋ ನೋಡುವಾಗ ಅದೇ ಮಾತಿನಲ್ಲಿ ಸಾಲ, ಹಟ, ಪ್ರೀತಿ, ದುಃಖ ಎಲ್ಲಾ ಬಂತು. ನನಗೆ ಅದು ದೊಡ್ಡ ಸಮಾಧಾನ.

ನೋಡುವುದಾದರೆ ಶಿವಮ್ಮನಿಂದ ಶುರು ಮಾಡಿ, ಮೊದಲು ನಿಧಾನ ಅನಿಸಿದರೂ ಬಿಡಬೇಡಿ. ಬಲಗಂ ಮನೆಮಂದಿಯೆಲ್ಲಾ ಕೂತು ನೋಡುವಂಥದ್ದು. ಫೋಟೋ ಮಾತ್ರ ಚಿಕ್ಕ ಮಕ್ಕಳ ಮುಂದೆ ಹಾಕಬೇಡಿ.