ರಿಪನ್ ಕಾಗದಗಳು: ಯಾವ ರಿಪನ್, ಯಾವ ಇಸವಿ?

ಪ್ರಶ್ನೆ: 1881ರಲ್ಲಿ ಮೈಸೂರನ್ನು ಒಡೆಯರಿಗೆ ಮರಳಿಸಿದ್ದು ವೈಸರಾಯ್ ಲಾರ್ಡ್ ರಿಪನ್ ಎಂದು ಓದಿದ್ದೇನೆ. ಅವರ ಖಾಸಗಿ ಪತ್ರಗಳು ಎಲ್ಲಿವೆ? ಹುಡುಕುವುದು ಹೇಗೆ?
– ಇತಿಹಾಸ ವಿದ್ಯಾರ್ಥಿನಿ, ಮೈಸೂರು

ಉತ್ತರ: ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ, ‘ಅಡಿಷನಲ್ ಮ್ಯಾನುಸ್ಕ್ರಿಪ್ಟ್ಸ್’ ಸರಣಿಯ 43510ರಿಂದ 43644ರವರೆಗಿನ ಸಂಪುಟಗಳು. ಅದೇ ಸರಣಿಯಲ್ಲಿ 40862ರಿಂದ 40880ರವರೆಗೆ ಇನ್ನೊಂದು ರಿಪನ್ ಕಂತೆ ಸಿಗುತ್ತದೆ. ಅದು ವೈಸರಾಯ್ ಅವರ ಅಪ್ಪ, ಮೊದಲ ಅರ್ಲ್ ಆಫ್ ರಿಪನ್ ಅವರದು. ಹಿಂದೆ ಬ್ರಿಟನ್ನಿನ ಪ್ರಧಾನಿಯಾಗಿದ್ದ ಅಪ್ಪ 1843–46ರಲ್ಲಿ ಇಂಡಿಯಾದ ವ್ಯವಹಾರ ನೋಡುವ ಬೋರ್ಡ್ ಆಫ್ ಕಂಟ್ರೋಲ್‌ನ ಅಧ್ಯಕ್ಷರೂ ಆಗಿದ್ದರು. ಹಾಗಾಗಿ ವಿಷಯವನ್ನಷ್ಟೇ ನೋಡಿದರೆ ಮೋಸಹೋಗುತ್ತೀರಿ, ಇಸವಿ ನೋಡಿ. ಮಗನ ಹೆಸರೂ ಒಂದೇ ಅಲ್ಲ: 1859ರವರೆಗೆ ವೈಕೌಂಟ್ ಗೋಡ್ರಿಚ್, ಆಮೇಲೆ ಅರ್ಲ್ ಡಿ ಗ್ರೇ, 1871ರಿಂದ ಮಾರ್ಕ್ವೆಸ್ ಆಫ್ ರಿಪನ್. ಯುದ್ಧಮಂತ್ರಿಯಾಗಿದ್ದ 1863–66ರ ಪತ್ರಗಳು ಬೇಕಿದ್ದರೆ ಡಿ ಗ್ರೇ ಎಂದೇ ಹುಡುಕಬೇಕು.

ಮೈಸೂರಿನ ಪೂರ್ತಿ ಶ್ರೇಯ ರಿಪನ್‌ಗೆ ಕೊಡುವುದು ಸರಿಯಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಪುತ್ರನಿಗೆ ರಾಜ್ಯ ಮರಳಿಸುವ ತೀರ್ಮಾನ 1867ರಲ್ಲೇ ಲಂಡನ್ನಿನಲ್ಲಿ ಆಗಿತ್ತು. ರಿಪನ್ ಕಾಲದ್ದು ಷರತ್ತುಗಳು: ಮೈಸೂರು ಬ್ರಿಟಿಷರಿಗೆ ಕೊಡಬೇಕಿದ್ದ ವರ್ಷದ ಕಾಣಿಕೆ 24.5 ಲಕ್ಷದಿಂದ 35 ಲಕ್ಷ ರೂಪಾಯಿಗೆ ಏರಿದ್ದು ರಾಜ್ಯದ ಹಸ್ತಾಂತರ ಪತ್ರದಲ್ಲೇ. ನಿಮ್ಮ ಹುಡುಕಾಟಕ್ಕೆ ಹಸ್ತಾಂತರ ನಡೆದ 1881ರ ಮಾರ್ಚ್ 25 ಕೊನೆಯ ದಿನವಾಗಲಿ, ಮೊದಲ ದಿನವಲ್ಲ.

ಮೊದಲು ಬೆಂಗಳೂರಿನ ರಾಜ್ಯ ಪತ್ರಾಗಾರ, ನಂತರ ದೆಹಲಿಯ ರಾಷ್ಟ್ರೀಯ ಪತ್ರಾಗಾರದ ಫಾರಿನ್ ಡಿಪಾರ್ಟ್‌ಮೆಂಟ್ ಕಡತಗಳನ್ನು ಮುಗಿಸಿ. ಸರ್ಕಾರಿ ವಾದವೆಲ್ಲ ಅಲ್ಲೇ ಸಿಗುತ್ತದೆ. ಕಡತದಲ್ಲಿ ಹೇಳದ ಕಾರಣಗಳಿಗಾಗಿ ಮಾತ್ರ ಲಂಡನ್. ಅಲ್ಲಿ ಭಾರತಮಂತ್ರಿ (ಬ್ರಿಟಿಷ್ ಸರ್ಕಾರದಲ್ಲಿ ಇಂಡಿಯಾದ ಹೊಣೆ ಹೊತ್ತ ಮಂತ್ರಿ) ಹಾರ್ಟಿಂಗ್ಟನ್ ಅವರೊಂದಿಗಿನ ಪತ್ರಗಳನ್ನು ಮೊದಲು ಕೇಳಿ. ಅವರ ನಂತರ, 1882ರ ಕೊನೆಯಿಂದ, ಕಿಂಬರ್ಲಿ ಬರುತ್ತಾರೆ. ಆಗ ಪತ್ರ ಸಮುದ್ರ ದಾಟಲು ಸುಮಾರು ಮೂರು ವಾರ ಬೇಕಿತ್ತು. ಕಟ್ಟಿನಲ್ಲಿ ಮುಂದಿರುವ ಪತ್ರವೇ ಹಿಂದಿನದಕ್ಕೆ ಉತ್ತರ ಎಂದುಕೊಂಡರೆ ಲೆಕ್ಕವೇ ತಪ್ಪುತ್ತದೆ. ನಡುವೆ ಟೆಲಿಗ್ರಾಂಗಳು ಬೇರೆ. ದಿನಾಂಕ, ತಲುಪಿದ ದಿನ, ಸಂಪುಟ, ಹಾಳೆ ಸಂಖ್ಯೆ, ನಾಲ್ಕನ್ನೂ ಅಲ್ಲೇ ಬರೆದುಕೊಳ್ಳಿ. ಪೆನ್ನು ಒಳಗೆ ಬಿಡುವುದಿಲ್ಲ, ಪೆನ್ಸಿಲ್ ಒಯ್ಯಿರಿ. ಗುರುತು ಮತ್ತು ವಿಳಾಸದ ದಾಖಲೆ ತೋರಿಸಿ ರೀಡರ್ ಪಾಸ್ ಮಾಡಿಸಬೇಕು.

ಪ್ರಶ್ನೆ: ರಿಪನ್ ಅವರ 1882ರ ಸ್ಥಳೀಯ ಸ್ವಯಮಾಡಳಿತದ ನಿರ್ಣಯ ಮೈಸೂರಿಗೂ ಅನ್ವಯಿಸಿತೆ?
– ಓದುಗರು, ಧಾರವಾಡ

ಉತ್ತರ: ಇಲ್ಲ. ಮೇ 18ರ ಆ ನಿರ್ಣಯ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಬ್ರಿಟಿಷ್ ಇಂಡಿಯಾಕ್ಕೆ ಮಾತ್ರ. ಸ್ಥಳೀಯ ಮಂಡಳಿಗಳಲ್ಲಿ ಸರ್ಕಾರಿ ಸದಸ್ಯರು ಮೂರನೇ ಒಂದು ಪಾಲು ಮೀರಬಾರದು ಎಂಬುದು ಅದರ ತಿರುಳು. ಅದನ್ನು ಕಾಯ್ದೆಯಾಗಿಸುವ ಕೆಲಸ ಪ್ರಾಂತಗಳಿಗೆ ಬಿಟ್ಟಿದ್ದರಿಂದ ಒಂದೊಂದು ಕಡೆ ಒಂದೊಂದು ರೂಪ ಪಡೆಯಿತು. ನಿಮ್ಮ ಧಾರವಾಡಕ್ಕೆ ಬಂದದ್ದು 1884ರ ಬಾಂಬೆ ಲೋಕಲ್ ಬೋರ್ಡ್ಸ್ ಕಾಯ್ದೆ. ಬಳ್ಳಾರಿ, ಮಂಗಳೂರಿಗೆ ಅದೇ ವರ್ಷದ ಮದ್ರಾಸ್ ಕಾಯ್ದೆ. ಆದ್ದರಿಂದ ನಿಮಗೆ ಬೇಕಾದ ಕಡತಗಳನ್ನು ಮುಂಬೈಯ ಪತ್ರಾಗಾರದಲ್ಲಿ ಹುಡುಕಿ.